ಮುಧೋಳ ಹೆಣ್ಣು ನಾಯಿ, ಮೊದಲ ಸಲ ಕೂಡಿಸೋದು: ಮೊದಲು ಏನೇನು ನೋಡ್ಬೇಕು?

ಆಳಂದ_ನಾಕಾ
ನಮಸ್ಕಾರ್ರಿ. ಮನ್ಯಾಗ ಮುಧೋಳ ಹೆಣ್ಣು ಅದ, 14 ತಿಂಗಳಿಂದು. ಕೆನೆಲ್ ಕ್ಲಬ್ ಕಾಗದ, ಮೈಕ್ರೋಚಿಪ್ ಎರಡೂ ಅವ. ಆಗಸ್ಟ್‌ನಾಗ ಮೊದಲ್ನೇ ಬೆದಿ ಬಂದು ಹೋಯ್ತು. ಕಲಬುರಗಿಯಾಗೇ ಒಂದು ಛಲೋ ಗಂಡು ಅದ, ಆದ್ರ ಎರಡಕ್ಕೂ ಅಪ್ಪ ಒಂದೇ. ಮುಂದಿನ ಬೆದಿಗೆ ಕೂಡಿಸ್ರಿ ಅಂತಾರ ಎಲ್ಲರೂ. ವಯಸ್ಸು, ಟೆಸ್ಟು, ಲೈಸನ್ಸು, ಬ್ಯಾಸಗಿ, ಇದರಾಗ ಮೊದಲ ಯಾವುದು ನೋಡ್ಬೇಕು?

ಬೀದರ್_ಪಶುವೈದ್ಯ
ಮೊದಲು ಕ್ಯಾಲೆಂಡರ್ ನೋಡಿ ಸರ್. ಆಗಸ್ಟ್ ಆದಮೇಲೆ ಮುಂದಿನ ಬೆದೆ ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್‌ಗೆ ಬರುತ್ತದೆ. ಆಗ ನಾಯಿಗೆ 17–18 ತಿಂಗಳು. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮದ ಪ್ರಕಾರ 18 ತಿಂಗಳು ತುಂಬದೆ ಕೂಡಿಸುವ ಹಾಗಿಲ್ಲ. ತುಂಬಿದರೂ ಆ ಬೆದೆ ಬೇಡ. ಗರ್ಭ 63 ದಿನ, ಮರಿ ಬೀಳುವುದು ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ. ನಿಮ್ಮಲ್ಲಿ ಆಗ 42 ಡಿಗ್ರಿ ದಾಟಿರುತ್ತದೆ. ಅದರ ಮುಂದಿನ ಬೆದೆಗೆ ಕೂಡಿಸಿದರೆ ಮಳೆ ಕಳೆದು ಅಕ್ಟೋಬರ್–ನವೆಂಬರ್‌ಗೆ ಮರಿ, ತಾಯಿಗೂ ಹತ್ತಿರ ಎರಡು ವರ್ಷ ಆಗಿರುತ್ತದೆ.

ಆ ಗಂಡು ಬಿಟ್ಟುಬಿಡಿ. ಅಪ್ಪ ಒಂದೇ ಆದರೆ ಮರಿಗಳ ಒಳತಳಿ (ಹತ್ತಿರದ ರಕ್ತದ ಕೂಡಿಕೆ) ಪ್ರಮಾಣ ಆ ಒಂದು ನಂಟಿನಿಂದಲೇ 12.5 ಶೇಕಡಾ. ಮುಧೋಳದಲ್ಲಿ ಹಿಂದಿನ ತಲೆಮಾರುಗಳೂ ಹತ್ತಿರದವೇ ಇರುವುದು ಹೆಚ್ಚು, ಹಾಗಾಗಿ ನಿಜವಾದ ಸಂಖ್ಯೆ ಅದಕ್ಕಿಂತ ಮೇಲೇ ಹೋಗಬಹುದು. ಮರಿಗಳ ಸಂಖ್ಯೆ ಕಡಿಮೆಯಾಗುವುದು, ಹುಟ್ಟಿದವು ಸೊರಗುವುದು ಇದರ ಫಲ. ಬೇರೆ ರಕ್ತದ ಗಂಡಿಗೆ ನಮ್ಮ ಬೀದರ್ ವಿಶ್ವವಿದ್ಯಾಲಯದ್ದೇ ಕೇಂದ್ರ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿದೆ, ಅಲ್ಲಿ ವಿಚಾರಿಸಿ.

ಟೆಸ್ಟ್: ಹೆಣ್ಣು, ಗಂಡು ಎರಡಕ್ಕೂ ಬ್ರೂಸೆಲ್ಲಾ ಕ್ಯಾನಿಸ್ ನೆಗೆಟಿವ್ ಬರಲೇಬೇಕು. ಈ ಸೋಂಕಿದ್ದರೆ ಸಾಮಾನ್ಯವಾಗಿ 45–55ನೇ ದಿನಕ್ಕೆ ಗರ್ಭ ಜಾರುತ್ತದೆ, ಔಷಧಿಗೆ ಪೂರ್ತಿ ಹೋಗುವುದಿಲ್ಲ, ಮನುಷ್ಯರಿಗೂ ಹತ್ತುತ್ತದೆ. ಜೊತೆಗೆ ಉಣ್ಣಿ ಜ್ವರಕ್ಕೆ ಎರ್ಲಿಕಿಯಾ, ಬಬೇಸಿಯಾ. ನಮ್ಮ ಭಾಗದಲ್ಲಿ ಇವನ್ನು ಬಿಡಲೇಬಾರದು. ಲಸಿಕೆ ಬಾಕಿ ಇದ್ದರೆ ಕೂಡಿಸುವ ಮೊದಲೇ ಮುಗಿಸಿ.

ಯಾದಗಿರಿ_ಕೆನೆಲ್
ಲೈಸನ್ಸ್ ಬಗ್ಗೆ: ಮರಿ ಮಾರೋರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯೊಳಗ ನೋಂದಣಿ ಮಾಡಿಸ್ಬೇಕು. ಹನ್ನೆರಡು ತಿಂಗಳಿಗೆ ಒಂದೇ ಸಲ ಮರಿ, ಜೀವಮಾನಕ್ಕ ಐದು ಸಲ, ಎಂಟು ವರ್ಷ ಆದಮ್ಯಾಲ ಬಂದ್. ಎಂಟು ವಾರ ಆಗ್ದೆ ಮರಿ ಕೊಡೋಹಂಗಿಲ್ಲ. "35 ದಿನದ ಮರಿ ರೆಡಿ" ಅಂತ ಜಾಹೀರಾತು ಹಾಕೋರ ಹತ್ರ ಗಂಡೂ ತಗೋಬ್ಯಾಡ್ರಿ.

ಇನ್ನ ದಿನ ಹಿಡಿಯೋದು. "ರಕ್ತ ಕಂಡ 11ನೇ ದಿನ, 13ನೇ ದಿನ" ಅನ್ನೋ ಲೆಕ್ಕ ಅರ್ಧ ಸಲ ತಪ್ತದ. ಆರನೇ ದಿನದಿಂದ ಒಂದು ದಿನ ಬಿಟ್ಟು ಒಂದು ದಿನ ರಕ್ತದಾಗ ಪ್ರೊಜೆಸ್ಟರಾನ್ ಹಾರ್ಮೋನು ನೋಡಸ್ರಿ. ಹಾರ್ಮೋನು ಒಂದೇ ಇರೋದಕ್ಕ ಮನುಷ್ಯರ ಲ್ಯಾಬ್‌ನಾಗೂ ಆಗ್ತದ, ಆದ್ರ ಪ್ರತಿಸಲ ಅದೇ ಲ್ಯಾಬ್. ಜೆಲ್ ಇರೋ ಟ್ಯೂಬ್ ಬ್ಯಾಡ, ಸಾದಾ ಕೆಂಪು ಮುಚ್ಚಳದ್ದು ಕೇಳ್ರಿ, ಜೆಲ್ ಹಾರ್ಮೋನು ಹೀರಿ ರಿಪೋರ್ಟ್ ಕಡಿಮಿ ತೋರಸ್ತದ. 2 ನ್ಯಾನೋಗ್ರಾಂ ಬಂದ್ರ ತಯಾರಿ, 5ರ ಆಸುಪಾಸು ಅಂಡ ಬಿಡ್ತದ. ಬಿಟ್ಟ ಅಂಡ ಪಕ್ವ ಆಗ್ಲಿಕ್ಕೆ ಎರಡು ದಿನ ಬೇಕು, ಅದಕ್ಕ 5 ಬಂದ ದಿನದಿಂದ ಎರಡನೇ ದಿನ ಒಮ್ಮೆ, ನಾಕನೇ ದಿನ ಒಮ್ಮೆ ಕೂಡಸ್ರಿ. ಹೆಣ್ಣನ್ನ ಗಂಡಿನ ಮನಿಗೆ ಒಯ್ಯೋದು. ಗಂಟು ಬಿದ್ದಾಗ ಎಳೀಬ್ಯಾಡ್ರಿ, ಅರ್ಧ ತಾಸು ಆದ್ರೂ ಆಗ್ಲಿ.

ಬೆದಿಯ ಮೂರು ವಾರ ಪೂರ್ತಿ ಹೆಣ್ಣು ಒಳಗೇ ಇರ್ಬೇಕು. ಕಂಪೌಂಡ್ ಹಾರಿ ಬೀದಿ ಗಂಡು ಬಂತಂದ್ರ ಒಂದೇ ಬಸಿರಿನಾಗ ಎರಡು ಅಪ್ಪನ ಮರಿ ಆಗ್ತಾವ. ಅದಕ್ಕಿಂತ ಕೆಟ್ಟದ್ದು, ಕೂಡಿದಾಗ ಹತ್ತೋ ಗುಪ್ತಾಂಗದ ಗಡ್ಡೆ.

ಆಳಂದ_ನಾಕಾ
ಉಪಕಾರ ಆಯ್ತ್ರಿ. ಮಾರ್ಚ್ ಬೆದಿ ಬಿಟ್ಟೆ, ಗಂಡೂ ಬಿಟ್ಟೆ. ಮರಿ ಹಾಕೋ ಟೈಮಿಗೆ ಮನ್ಯಾಗ ಏನಿರ್ಬೇಕು? ಬಸಿರು ನಾಯಿಗೆ ಕ್ಯಾಲ್ಸಿಯಂ ಸಿರಪ್ ಹಾಕ್ರಿ ಅಂತ ಮೆಡಿಕಲ್‌ನವ್ರು ಹೇಳಿದ್ರು.

ಬೀದರ್_ಪಶುವೈದ್ಯ
ಆ ಸಿರಪ್ ಹಾಕಬೇಡಿ. ಬಸಿರಲ್ಲಿ ಹೊರಗಿನಿಂದ ಕ್ಯಾಲ್ಸಿಯಂ ತುಂಬಿದರೆ ದೇಹ ಎಲುಬಿನಿಂದ ತೆಗೆಯುವುದನ್ನು ನಿಧಾನಿಸುತ್ತದೆ, ಹಾಲು ಏರಿದಾಗ ರಕ್ತದಲ್ಲಿ ಒಮ್ಮೆಲೇ ಇಳಿಯುತ್ತದೆ. ಮರಿ ಹಾಕಿದ ಎರಡು-ಮೂರು ವಾರಕ್ಕೆ ತಾಯಿ ಏದುಸಿರು ಬಿಟ್ಟು, ನಡುಗಿ, ಕಾಲು ಸೆಟೆಸಿಕೊಂಡರೆ ಅದು ಇದೇ. ಮರಿಗಳನ್ನು ಹಾಲಿನಿಂದ ಬಿಡಿಸಿ ತಕ್ಷಣ ದವಾಖಾನೆಗೆ ತನ್ನಿ, ಕ್ಯಾಲ್ಸಿಯಂ ಆಗ ನರಕ್ಕೆ ನಿಧಾನವಾಗಿ ಕೊಡುತ್ತೇವೆ.

ಆಹಾರ ಐದು ವಾರದವರೆಗೆ ಮಾಮೂಲು, ಆಮೇಲೆ ಏರಿಸುತ್ತಾ ಒಂದೂವರೆ ಪಟ್ಟು. ಜೋಳದ ರೊಟ್ಟಿ, ಹಾಲು ಮಾತ್ರ ಹಾಕಿದರೆ ಪ್ರೋಟೀನ್ ಸಾಲದು, ಮೊಟ್ಟೆ, ಮಾಂಸ ಅಥವಾ ಮರಿಗಳ ಕಂಪನಿ ಫುಡ್ ಬೇಕು. 55 ದಿನ ದಾಟಿದ ಮೇಲೆ ಒಂದು ಎಕ್ಸ್‌ರೇ ತೆಗೆಸಿ, ಎಷ್ಟು ಮರಿ ಅಂತ ಗೊತ್ತಿದ್ದರೆ ಒಳಗೆ ಒಂದು ಉಳಿದದ್ದು ತಿಳಿಯುತ್ತದೆ.

ಕೊನೆಯ ವಾರ ದಿನಕ್ಕೆ ಎರಡು ಸಲ ಜ್ವರಕಡ್ಡಿ ಹಾಕಿ. 37.2 ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬಹುಪಾಲು ಒಂದು ದಿನದೊಳಗೆ ಹೆರಿಗೆ. ಜೋರಾಗಿ ಮುಕ್ಕುತ್ತಾ ಅರ್ಧ ತಾಸಾದರೂ ಮರಿ ಬರದಿದ್ದರೆ, ಮೊದಲ ಮರಿಗೂ ಮುಂಚೆ ಹಸಿರು ಸ್ರಾವ ಕಂಡರೆ ಕಾಯಬೇಡಿ. ಆಪರೇಷನ್ ಬೇಕಾದರೆ ಡಾಕ್ಟರಿಗೆ "ಇದು ಬೇಟೆ ನಾಯಿ, ಥಯೋಪೆಂಟಾಲ್ ಬೇಡ" ಎಂದು ನೀವೇ ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆ, ಆ ಅರಿವಳಿಕೆ ಬೇಗ ಇಳಿಯುವುದಿಲ್ಲ.

ಯಾದಗಿರಿ_ಕೆನೆಲ್
ಪೆಟ್ಟಿಗಿ 4 ಅಡಿ ಚೌಕ. ಒಳಗ ಸುತ್ತಲೂ ನೆಲದಿಂದ ನಾಕು ಇಂಚು ಮ್ಯಾಲ, ಗ್ವಾಡಿಯಿಂದ ನಾಕು ಇಂಚು ಮುಂದ ಒಂದು ಕಂಬಿ ಹಾಕಸ್ರಿ, ಇಲ್ಲಾಂದ್ರ ತಾಯಿ ಬೆನ್ನಿಗೂ ಗ್ವಾಡಿಗೂ ನಡುವೆ ಮರಿ ಸಿಕ್ಕಿ ಸಾಯ್ತದ. ಮೊದಲ ವಾರ ಮರಿ ಮಟ್ಟದಾಗ 29–32 ಡಿಗ್ರಿ ಬೇಕು. ನವೆಂಬರ್ ರಾತ್ರಿ ಬಲ್ಬ್ ಒಂದು ಮೂಲ್ಯಾಗಷ್ಟೇ ಹಾಕ್ರಿ, ಸೆಕೆ ಆದ ಮರಿ ಸರಕೊಂಡು ಹೋಗ್ಲಿಕ್ಕೆ ಜಾಗ ಇರ್ಲಿ. ದಿನಾ ಅಡಗಿಮನಿ ಡಿಜಿಟಲ್ ತಕ್ಕಡಿಯಾಗ ತೂಕ ಬರ್ಕೋರಿ. ಹತ್ತು ದಿನಕ್ಕ ತೂಕ ದುಪ್ಪಟ್ಟು ಆಗ್ಬೇಕು. ಎರಡು ದಿನ ಏರ್ಲಿಲ್ಲಂದ್ರ ಆ ಮರಿಗೆ ಹಾಲು ಸಿಗವಲ್ದು ಅಂತ ಅರ್ಥ, ಹಿಂದಿನ ಮೊಲೆಗೆ ಹಿಡದು ಹಚ್ಚ್ರಿ. ಜಂತಿನ ಔಷಧಿ 2, 4, 6, 8ನೇ ವಾರಕ್ಕ, ಡೋಸ್ ತೂಕದ ಮ್ಯಾಲ.

ಮತ್ತೊಂದು. ಒಯ್ಯೋರ ಹತ್ರ ಬರಸ್ಕೋರಿ: ಸಾಕ್ಲಿಕ್ಕೆ ಆಗ್ಲಿಲ್ಲಂದ್ರ ಯಾವ ವಯಸ್ಸಿನಾಗಾದ್ರೂ ನಾಯಿ ನಿಮಗೇ ವಾಪಸ್. ಆರೇಳು ಮಂದಿ ಅಡ್ವಾನ್ಸ್ ಕೊಟ್ಟಮ್ಯಾಲೇ ಕೂಡಸ್ರಿ, ಬಿದ್ದಮ್ಯಾಲ ಗಿರಾಕಿ ಹುಡುಕೋದಲ್ಲ.