ಓಲಾವ್ ಅಂದರೆ ‘ಪೂರ್ವಜರ ಅವಶೇಷ’ವೇ?

ಗೆಳೆಯರೇ,

ಮಕ್ಕಳ ಹೆಸರುಗಳ ಒಂದು ಪಟ್ಟಿಯಲ್ಲಿ ‘ಓಲಾಫ್: ಪೂರ್ವಜರ ಅವಶೇಷ’ ಎಂದು ಬರೆದಿದ್ದನ್ನು ನೋಡಿದೆ. ಓಲಾಫ್ ಅಂದರೂ ಓಲಾವ್ ಅಂದರೂ ನಾರ್ವೆ ಕಡೆಯ ಒಂದೇ ಗಂಡು ಹೆಸರು. ಅವಶೇಷ ಅಂದ ಕೂಡಲೇ ನನ್ನ ಕಣ್ಣಿಗೆ ಬಂದದ್ದು ಹಂಪಿಯ ಮುರಿದ ಕಂಬಗಳು. ತೊಟ್ಟಿಲಲ್ಲಿ ಮಲಗಿದ ಮಗುವಿಗೆ ಯಾರಾದರೂ ಅಂಥ ಹೆಸರು ಇಡುತ್ತಾರಾ? ಬಿಡಿಸಿ ನೋಡಿದರೆ ಅರ್ಥ ತಪ್ಪಲ್ಲ, ಆರಿಸಿದ ಕನ್ನಡ ಪದ ತಪ್ಪು.

ನಾರ್ವೆ, ಐಸ್‌ಲ್ಯಾಂಡ್ ಕಡೆ ಹಿಂದೆ ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯಲ್ಲಿ ಈ ಹೆಸರು ಓಲಾವ್ರ್. ಕೊನೆಯ ‘ರ್’ ವಿಭಕ್ತಿ ಪ್ರತ್ಯಯ, ನಮ್ಮ ‘ರಾಮನು’ವಿನ ‘ಉ’ ಇದ್ದ ಹಾಗೆ. ಇದಕ್ಕೂ ಹಿಂದಿನ ರೂಪ ‘ಅನುಲೈಬಜ಼್’ ಇದ್ದಿರಬೇಕು ಎಂದು ಭಾಷಾತಜ್ಞರು ಲೆಕ್ಕ ಹಾಕಿದ್ದಾರೆ. ‘ಅನು’ ಅಂದರೆ ಹಿರಿಯ, ಅಜ್ಜ, ಮುತ್ತಜ್ಜ. ಸಂಸ್ಕೃತದ ‘ಅನುಜ’ ನೆನಪಾದರೆ ಅದನ್ನು ಪಕ್ಕಕ್ಕಿಡಿ, ಅದು ಬೇರೆ. ‘ಲೈಬಜ಼್’ ಅಂದರೆ ಉಳಿದವನು. ‘ಅನು’ವಿನ ‘ನ್’ ನಾರ್ವೆಯಲ್ಲಿ ಕರಗಿಹೋಯಿತು, ಆದರೆ ಅಕ್ಕಪಕ್ಕದವರ ಬಾಯಲ್ಲಿ ಉಳಿಯಿತು. 937ರ ಬ್ರುನಾನ್‌ಬುರ್ ಕಾಳಗದಲ್ಲಿ ಇಂಗ್ಲಿಷರಿಗೆ ಸೋತ, ನಾರ್ಸ್ ಮೂಲದ ಡಬ್ಲಿನ್ ದೊರೆ ಓಲಾವ್‌ನನ್ನು ಅವರು ‘ಅನ್ಲಾಫ್’ ಎಂದೇ ಬರೆದರು.

ಆ ಹಳೆಯ ಇಂಗ್ಲಿಷ್‌ನಲ್ಲೇ ‘ಲಾಫ್’ ಎಂಬ ಪದ ಬಿಡಿಯಾಗಿಯೂ ಇತ್ತು. ಉಳಿದದ್ದು ಎಂಬುದು ಅದರ ಅರ್ಥ. ಅಪ್ಪನಿಂದ ಮಗನ ಕೈಗೆ ಬಂದ ಕತ್ತಿಗೂ ಅದೇ ಪದ. ನಮ್ಮ ಮನೆಗಳಲ್ಲಿ ಅಜ್ಜಿಯಿಂದ ಬಂದ ಬುಗುಡಿಯನ್ನು ಯಾರಾದರೂ ಅವಶೇಷ ಅನ್ನುತ್ತಾರಾ?

ಇನ್ನೊಂದು ಸಾಕ್ಷಿ ನನಗೆ ತುಂಬಾ ಇಷ್ಟ. ಜರ್ಮನ್‌ನಲ್ಲಿ ಮೊಮ್ಮಗನಿಗೆ ‘ಎಂಕೆಲ್’ ಅನ್ನುತ್ತಾರೆ. ಇದೇ ‘ಅಜ್ಜ’ ಬೇರಿನಿಂದ ಹುಟ್ಟಿದ ಪದ ಅದು. ಅದರ ಮೂಲ ಅರ್ಥ ‘ಪುಟ್ಟ ಅಜ್ಜ’! ಹೋದ ಅಜ್ಜ ಮೊಮ್ಮಗನಾಗಿ ಮನೆಗೆ ಬಂದ ಎಂಬ ಭಾವನೆ ಪದದೊಳಗೇ ಕೂತಿದೆ. ನಾರ್ಸ್ ಜನರಲ್ಲೂ ತೀರಿಹೋದ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಇತ್ತು.

ನಾರ್ವೆಯ ಸಂತ ದೊರೆ ಓಲಾವ್ ಹುಟ್ಟಿದ ಬಗ್ಗೆ ಐಸ್‌ಲ್ಯಾಂಡಿನ ಒಂದು ಹಳೆಯ ಹಸ್ತಪ್ರತಿಯಲ್ಲಿ ಕಥೆಯಿದೆ. ತಾಯಿ ಆಸ್ತಾಗೆ ಹೆರಿಗೆ ಆಗುತ್ತಲೇ ಇರಲಿಲ್ಲ. ಎಷ್ಟೋ ಹಿಂದೆ ಸತ್ತ ಅದೇ ಹೆಸರಿನ ದೊರೆಯೊಬ್ಬನ ಸಮಾಧಿ ದಿಬ್ಬವನ್ನು ರಾನಿ ಎಂಬುವನು ಅಗೆದು, ಒಳಗಿದ್ದ ಉಂಗುರ, ಕತ್ತಿ, ಸೊಂಟಪಟ್ಟಿ ತಂದ. ಪಟ್ಟಿಯನ್ನು ಆಸ್ತಾಳ ಸೊಂಟಕ್ಕೆ ಕಟ್ಟಿದಾಗ ಹೆರಿಗೆಯಾಯಿತು. ಮಗುವಿಗೆ ಓಲಾವ್ ಎಂದೇ ಹೆಸರಿಟ್ಟರು. ಆತ ದೊರೆಯಾದ ಮೇಲೆ ಒಮ್ಮೆ ಅದೇ ದಿಬ್ಬದ ಹತ್ತಿರ ಹೋಗುವಾಗ ಜೊತೆಯವನೊಬ್ಬ ಕೇಳಿದ: ‘ದೊರೆಯೇ, ಹಿಂದೆ ನಿನ್ನನ್ನು ಹೂಳಿದ್ದು ಇಲ್ಲೇ ಅಲ್ಲವೇ?’ ಕ್ರೈಸ್ತನಾಗಿದ್ದ ದೊರೆ, ‘ನನ್ನ ಜೀವಕ್ಕೆ ಎಂದೂ ಎರಡು ದೇಹ ಇರಲಿಲ್ಲ’ ಅಂದುಬಿಟ್ಟ. ದೊರೆ ಒಪ್ಪಲಿಲ್ಲ, ಆದರೆ ಜನ ಆ ಹೆಸರನ್ನು ಹೇಗೆ ಕೇಳಿಸಿಕೊಂಡಿದ್ದರು ಅನ್ನುವುದು ಗೊತ್ತಾಗುತ್ತದೆ. ಆತ ಸತ್ತದ್ದು 1030ರಲ್ಲಿ, ಸ್ತಿಕ್ಲೆಸ್ತಾದ್ ಕಾಳಗದಲ್ಲಿ. ನಾರ್ವೆಯಲ್ಲಿ ಈಗಲೂ ಜುಲೈ 29 ಅವನ ಹಬ್ಬ.

1905ರಲ್ಲಿ ಡೆನ್ಮಾರ್ಕಿನ ರಾಜಕುಮಾರನೊಬ್ಬ ನಾರ್ವೆಗೆ ದೊರೆಯಾಗಿ ಬಂದಾಗ, ಅಲೆಕ್ಸಾಂಡರ್ ಎಂಬ ಹೆಸರಿದ್ದ ಅವನ ಎರಡು ವರ್ಷದ ಮಗ ಓಲಾವ್ ಆದ. ಮುಂದೆ 1957ರಿಂದ 1991ರವರೆಗೆ ಆಳಿದ ಐದನೇ ಓಲಾವ್ ಇವನೇ. ಹೊರಗಿನಿಂದ ಬಂದ ಮನೆತನ ‘ಹಿರಿಯರಿಂದ ಉಳಿದವನು’ ಎಂಬ ಹೆಸರನ್ನೇ ಆರಿಸಿಕೊಂಡಿತು.

ಬರೆಯುವಾಗ ‘ಓಲಾಫ್’ ಅನ್ನುವುದಕ್ಕಿಂತ ‘ಓಲಾವ್’ ಮೇಲು. ಹಳೆಯ ನಾರ್ಸ್‌ನಲ್ಲಿ ‘ಫ್’ ಎಂದು ಬರೆದರೂ ಸ್ವರದ ನಂತರ ‘ವ್’ ಎಂದೇ ಓದುತ್ತಿದ್ದರು. ಇವತ್ತಿನ ನಾರ್ವೆಯವರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ಊಲಾವ್’.

ಹಾಗಾದರೆ ಕನ್ನಡದಲ್ಲಿ ಏನನ್ನಬೇಕು? ‘ಉಳಿಕೆ’ ಅಂದರೆ ಲೆಕ್ಕದ ಪುಸ್ತಕ ನೆನಪಾಗುತ್ತದೆ. ‘ವಾರಸುದಾರ’ ಅಂದರೆ ಪಹಣಿ, ಖಾತೆ. ನನ್ನ ಒಲವು ‘ಹಿರಿಯರ ಕುಡಿ’ಯ ಕಡೆಗೆ. ಸಾವಿನ ಮನೆಯಲ್ಲಿ ‘ಅಜ್ಜ ಹೋದರೂ ಅವರ ಕುಡಿ ಉಳಿಯಿತಲ್ಲ’ ಅನ್ನುತ್ತೇವೆ. ಆ ಮಾತಿನಲ್ಲಿ ಹೆಸರಿನ ಎರಡೂ ಭಾಗ ಇವೆ.

ನಮ್ಮ ಅಣ್ಣನಿಗೆ ತಾತನ ಹೆಸರು ಇಟ್ಟಿದ್ದರು. ಅಮ್ಮ ಮಾವನ ಹೆಸರು ಹೇಳುವಂತಿರಲಿಲ್ಲ. ಹಾಗಾಗಿ ಅವನು ಕೊನೆಯವರೆಗೂ ಅವರಿಗೆ ‘ಅಪ್ಪಯ್ಯ’ನೇ. ಅವನು ತಪ್ಪು ಮಾಡಿದಾಗಲೂ ‘ಏನು ಅಪ್ಪಯ್ಯ ಇದು’ ಅಂತ ಮೆಲ್ಲಗೆ ಕೇಳುತ್ತಿದ್ದರು, ಗದರುತ್ತಿರಲಿಲ್ಲ. ಹೀಗೆ ಅಜ್ಜನ ಹೆಸರು ಹೊತ್ತ ಮೊಮ್ಮಗನಿಗೆ ನಿಮ್ಮ ಕಡೆ ಬೇರೆ ಪದ ಇದೆಯಾ? ಧಾರವಾಡ, ಕುಂದಾಪುರ, ಚಾಮರಾಜನಗರದ ಕಡೆಯವರು ದಯವಿಟ್ಟು ಹೇಳಿ. ಸುಮ್ನೆ ಪದ ಮಾತ್ರ ಬೇಡ, ಮನೆಯಲ್ಲಿ ಆಡುವ ಒಂದು ಮಾತಿನೊಳಗೆ ಸೇರಿಸಿ ಬರೆಯಿರಿ.