ಸಹಾಯ ಬೇಕು: ವಾಕಿಂಗ್ ಮಾಡಿದರೆ ಟೆನ್ಶನ್‌ಗೆ ತಿನ್ನೋದು ಕಡಿಮೆ ಆಗುತ್ತಾ?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಅಕೌಂಟ್ಸ್ ಕೆಲಸ. ಮಾರ್ಚ್ ಬಂತೆಂದರೆ ಟೆನ್ಶನ್. ಹಸಿವೇನೂ ಇರುವುದಿಲ್ಲ, ಆದರೂ ಸಂಜೆ ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಮುಂದೆ ಗಾಡಿ ತಾನಾಗಿ ನಿಲ್ಲುತ್ತದೆ. ಬೆಣ್ಣೆ ದೋಸೆ ವಿಷಯ ಕೇಳಲೇಬೇಡಿ!

ಒತ್ತಡ ಬಹಳ ದಿನ ಉಳಿದರೆ ಕಾರ್ಟಿಸಾಲ್ ಹಾರ್ಮೋನ್ ಜಾಸ್ತಿಯಾಗಿ ಕರಿದದ್ದು, ಸಿಹಿ ಕಡೆಗೆ ಮನಸ್ಸು ಎಳೆಯಬಹುದು ಅಂತ ಗೊತ್ತು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ ಅಂತಾರಲ್ಲ, ಅದಕ್ಕೇ ಬೆಳಿಗ್ಗೆ ಕುಂದುವಾಡ ಕೆರೆಗೆ ಹೋಗುತ್ತಿದ್ದೇನೆ. ನಿದ್ದೆ ಚೆನ್ನಾಗಿ ಬರುತ್ತಿದೆ, ಸಿಡುಕು ಕಡಿಮೆ. ಸಂಜೆಯ ಚಪಲ ಮಾತ್ರ ಹಾಗೇ ಇದೆ.

ವಾಕಿಂಗನ್ನು ಆಫೀಸ್ ಬಿಟ್ಟ ಕೂಡಲೇ ಮಾಡಿದರೆ ಉಪಯೋಗ ಆಗುತ್ತಾ? ಮಾಡಿ ನೋಡಿದವರು ಹೇಳಿ. ಡಯಟ್ ಪೌಡರ್ ಮಾರುವವರು ದಯವಿಟ್ಟು ಬೇಡ.