ಬೀಡಿ ಕಟ್ಟುವ ಅಮ್ಮನ ಉದ್ಯೋಗ ಏನಂತ ಬರೆಯಲಿ?

ಮೂಲ್ಕಿ ಹುಡುಗಿ
ಮಂಗಳೂರಿನಲ್ಲಿ ಬಿ.ಎ. ಓದುತ್ತಿದ್ದೇನೆ. ಸಮಾಜಶಾಸ್ತ್ರ ನನ್ನ ಇಷ್ಟದ ವಿಷಯ. ಮೊನ್ನೆ ಸ್ಕಾಲರ್‌ಶಿಪ್ ಅರ್ಜಿಯಲ್ಲಿ 'ತಾಯಿಯ ಉದ್ಯೋಗ' ಅಂತ ಇತ್ತು. ಅಮ್ಮ ತಲೆ ಎತ್ತದೆ, "ಗೃಹಿಣಿ ಅಂತ ಬರಿ, ಮನೆಯಲ್ಲೇ ಅಲ್ವಾ ಇರೋದು" ಅಂದರು. ಆಗ ಅವರ ತೊಡೆಯ ಮೇಲೆ ಬೀಡಿ ಕಟ್ಟುವ ತಡ್ಪೆ (ಮೊರ) ಇತ್ತು. ಎಲೆಗೆ ಹೊಗೆಸೊಪ್ಪು ತುಂಬಿ, ಸುರುಟಿ, ನೂಲು ಸುತ್ತುತ್ತಿದ್ದರು. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳ ಚರ್ಮ ಗಟ್ಟಿಯಾಗಿದೆ. ನನ್ನ ಫೀಸು ಬಂದದ್ದು ಆ ಬೆರಳಿನಿಂದ. ನನಗೆ ಬರೆಯಲು ಕೈ ಬರಲಿಲ್ಲ. 'ದಿನನಿತ್ಯದ ಬದುಕು' ಅಂತ ಒಂದು ಅಸೈನ್‌ಮೆಂಟ್ ಇದೆ. ಇದನ್ನೇ ಬರೆಯಬಹುದಾ? ಅಥವಾ ಇದು ನಮ್ಮ ಮನೆಯ ವಿಷಯ ಮಾತ್ರವಾ?

ನಿವೃತ್ತ ಉಪನ್ಯಾಸಕ, ಉಡುಪಿ
ಖಂಡಿತ ಬರೆಯಮ್ಮ. ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಹೇಳಿದ್ದು ಇದನ್ನೇ: ಒಬ್ಬರ ಮನೆಯ ಕಷ್ಟ ಅಂತ ಕಾಣುವುದರ ಹಿಂದೆ ಇಡೀ ಸಮಾಜದ ಪ್ರಶ್ನೆ ಇರಬಹುದು. ನಿಮ್ಮ ಸುತ್ತ ಎಷ್ಟು ಮನೆಯಲ್ಲಿ ತಡ್ಪೆ ಇದೆ, ಎಣಿಸಿ ನೋಡು.

ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರ ಅಧ್ಯಯನವನ್ನೂ ಓದು. ಆಂಧ್ರದ ನರಸಾಪುರದಲ್ಲಿ ಮನೆಯಲ್ಲೇ ಲೇಸ್ ಹೆಣೆಯುವ ಹೆಂಗಸರ ಬಗ್ಗೆ, 1982ರಲ್ಲಿ ಬಂದದ್ದು. ಅವರು ಹೆಣೆದ ಲೇಸು ವಿದೇಶಕ್ಕೆ ಹೋಗುತ್ತಿತ್ತು. ಆದರೂ ಊರಿನವರ ಕಣ್ಣಿಗೆ ಅವರು ಬಿಡುವಿನಲ್ಲಿ ಏನೋ ಮಾಡುವ ಗೃಹಿಣಿಯರು. ಹಾಗೆ ಕರೆದದ್ದರಿಂದಲೇ ಕೂಲಿ ಕಡಿಮೆ ಕೊಡಲು ಸುಲಭವಾಯಿತು ಅನ್ನುವುದು ಮೀಸ್ ಅವರ ವಾದ. ನನಗೆ ಅದು ಸರಿ ಅನ್ನಿಸುತ್ತದೆ.

ಕಾಪುವಿನವಳು
ನನ್ನಮ್ಮನೂ ಬೀಡಿ ಕಟ್ಟಿಯೇ ನಮ್ಮನ್ನು ಸಾಕಿದ್ದು. ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಸರಿ ಇಲ್ಲ ಅಂತ ಒಂದಷ್ಟು ಬೀಡಿ ತೆಗೆದಿಟ್ಟ ದಿನ ಅವರು ರಾತ್ರಿ ಊಟ ಮಾಡುತ್ತಿರಲಿಲ್ಲ. ಸುಮ್ನೆ ಹೊತ್ತು ಕಳೆಯುವ ಕೆಲಸಕ್ಕೆ ಯಾರಾದರೂ ಹಾಗೆ ನೋಯುತ್ತಾರಾ?

1966ರಲ್ಲಿ ಬಂದ ಬೀಡಿ ಕಾರ್ಮಿಕರ ಕಾಯ್ದೆಯಲ್ಲೇ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರು ಅಂತ ಒಪ್ಪಿದ್ದರು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಬೇರೆ ಸ್ಕಾಲರ್‌ಶಿಪ್ಪೇ ಇದೆ. ಅದನ್ನೂ ವಿಚಾರಿಸಿ. ಅಸೈನ್‌ಮೆಂಟಿಗೆ ಒಂದು ಇಡೀ ದಿನ ಅಮ್ಮನ ಪಕ್ಕ ಕೂತು, ಅವರು ಯಾವುದಕ್ಕೆಲ್ಲ ಎದ್ದರು ಅಂತ ಬರೆದಿಡಿ.

ಮೂಲ್ಕಿ ಹುಡುಗಿ
ಭಾನುವಾರ ಕೂತೆ. ಮಧ್ಯಾಹ್ನದೊಳಗೆ ಹನ್ನೊಂದು ಸಲ ಎದ್ದರು. ಗಂಜಿ ಇಳಿಸಲು, ಅಜ್ಜಿಗೆ ಮಾತ್ರೆ ಕೊಡಲು, ಮಳೆ ಹನಿದಾಗ ಬಟ್ಟೆ ತೆಗೆಯಲು. ಪ್ರತಿ ಸಲ ತಿರುಗಿ ಬಂದು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಎಣಿಕೆ ಮುಂದುವರಿಸಿದರು.

ಕಾಯ್ದೆಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕಪಾಟಿನಲ್ಲಿ ಸೀರೆಯ ಅಡಿಯಿಂದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಟ್ಟ, ಬೀಡಿ ಕೆಲಸದ ಪಾಸ್ ಪುಸ್ತಕ ತಂದು ಕೊಟ್ಟರು. "ಇದರಲ್ಲಿ ಇರುವ ಹಾಗೇ ಬರಿ" ಅಂದರು.